ಮಗಳನ್ನು ಬಿಟ್ಟ ಪ್ರಕಟಣೆ

ಓನ್ ಚೀಯ ಹೆಸರು ಜೀವಮಾನದಲ್ಲಿ ಒಂದೇ ಸಲ ಅಚ್ಚಾಯಿತು. ಅದೂ ಹೆತ್ತ ಮಗಳನ್ನು ಬಿಟ್ಟೆ ಎಂದು ಊರಿಗೆಲ್ಲ ಸಾರುವುದಕ್ಕೆ.

ಸರ್ಕಾರಿ ಪತ್ರಿಕೆಯ ಹಿಂದಿನ ಪುಟ. ಮೇಲೆ ಟೆಂಡರುಗಳು, ಕಳೆದುಹೋದ ಬೈಕಿನ ಕಾಗದ, ಹೆಸರು ಬದಲಾಯಿಸಿಕೊಂಡವರು. ಕೆಳಗೆ ಸಾಲಾಗಿ ಅಪ್ಪ ಅಮ್ಮಂದಿರು. ಇಂಥ ಮಗ ನಮ್ಮ ಮಾತು ಮೀರಿ ನಡೆದಿದ್ದಾನೆ, ಇಂದಿನಿಂದ ಅವನು ನಮ್ಮ ಮಗನಲ್ಲ. ಇಂಥ ಮಗಳು ನಮ್ಮ ಮನಸ್ಸು ನೋಯಿಸಿದ್ದಾಳೆ, ಇಂದಿನಿಂದ ಅವಳ ಯಾವ ಕೆಲಸಕ್ಕೂ ನಾವು ಹೊಣೆಯಲ್ಲ. ಎಲ್ಲರದೂ ಒಂದೇ ಒಕ್ಕಣೆ. ಊರು ಬೇರೆ, ಕರುಳು ಬೇರೆ, ಮಾತು ಮಾತ್ರ ಒಂದೇ. ಬರೆಸಿದವರು ಯಾರು ಎಂದು ತಿಳಿಯುವುದಕ್ಕೆ ಅಷ್ಟು ಸಾಕು. ಬುದ್ಧ, ಧರ್ಮ, ಸಂಘ, ಹೆತ್ತವರು, ಗುರು ಎಂದು ಐವರ ಮುಂದೆ ಮಂಡಿಯೂರಿ ನೆಲಕ್ಕೆ ಹಣೆ ಮುಟ್ಟಿಸುವ ಜನ ನಾವು. ನಮ್ಮ ಕೈಯಲ್ಲೇ ಸೈನ್ಯದವರು ಇದನ್ನು ಬರೆಸಿದರು. ಅವರ ಬಾಯಿಗೆ ಮಣ್ಣು ಬೀಳಲಿ.

ಓನ್ ಚೀಯದು ಡಾಂಬರಿನ ಕೆಲಸ. ಐರಾವತಿ ಹೊಳೆಯ ಈಚೆ ದಂಡೆಯಲ್ಲಿ ಎಲ್ಲಿ ರಸ್ತೆ ಬೀಳುತ್ತದೋ ಅಲ್ಲಿ ಅವಳು. ನಮ್ಮ ಕಡೆ ರಸ್ತೆ ಹಾಕುವವರು ಹೆಂಗಸರು. ಗಂಡಸು ಡ್ರಮ್ಮಿನಲ್ಲಿ ಡಾಂಬರು ಕಾಯಿಸುತ್ತಾನೆ, ಮೇಸ್ತ್ರಿ ಕೊಡೆ ಹಿಡಿದು ನಿಲ್ಲುತ್ತಾನೆ, ಮಿಕ್ಕದ್ದೆಲ್ಲ ಹೆಂಗಸರದು. ಜಲ್ಲಿಯ ಬುಟ್ಟಿ ತಲೆಯ ಮೇಲೆ. ಕುದಿಯುವ ಡಾಂಬರಿನ ಡಬ್ಬ ಕೈಯಲ್ಲಿ. ಡಬ್ಬದ ಬದಿಗೆ ತೂತು ಹೊಡೆದಿರುತ್ತಾರೆ. ಬಗ್ಗಿಸಿಕೊಂಡು ಜಲ್ಲಿಯ ಮೇಲೆ ಸುರಿಯುತ್ತ ಹಿಂದೆ ಹಿಂದೆ ನಡೆಯಬೇಕು. ಕಾಲಿಗೆ ಚಿಂದಿ ಸುತ್ತಿಕೊಂಡಿರಬೇಕು. ಸಿಡಿದರೆ ಒರೆಸಬಾರದು. ಒರೆಸಿದರೆ ಚರ್ಮವೂ ಕಿತ್ತು ಬರುತ್ತದೆ. ಓನ್ ಚೀಯ ಮುಂಗೈಯಲ್ಲಿ ಹಾಗೆ ಕಿತ್ತು ಬಂದ ಬಿಳಿ ಕಲೆಗಳು ತುಂಬ ಇದ್ದವು.

ಗಂಡ ಮರಳು ದೋಣಿಯಲ್ಲಿ ಕೆಲಸಕ್ಕೆ ಹೋಗಿ ನೀರುಪಾಲಾದ. ಆಗ ಮಗಳು ಥಿರಿ ಎದೆಹಾಲು ಬಿಟ್ಟಿರಲಿಲ್ಲ. ಡಾಂಬರಿನ ಡ್ರಮ್ಮಿನಿಂದ ಮಾರು ದೂರದಲ್ಲಿ ಚೀಲ ಹಾಸಿ ಮಲಗಿಸಿ, ಹೊಗೆಯಲ್ಲೇ ಬೆಳೆಸಿದಳು. ಆ ಹೊಗೆಯೇ ಮಗಳ ಎದೆಗಿಳಿದು ಉಬ್ಬಸವಾಯಿತು ಎಂದು ಓನ್ ಚೀ ನಂಬಿದ್ದಳು. ಡಾಕ್ಟರು ಅಲ್ಲ ಅಂದರೂ ನಂಬಿದ್ದಳು. ಥಿರಿ ಎಲ್ಲಿ ಹೋದರೂ ಉಸಿರಿನ ಪಂಪು ಜೇಬಿನಲ್ಲಿ ಇರಲೇಬೇಕಿತ್ತು.

ಆ ಎದೆ ಇಟ್ಟುಕೊಂಡೇ ಅವಳು ಓದಿದಳು. ಊರಿನ ವಾರಪತ್ರಿಕೆಯಲ್ಲಿ ವರದಿಗಾರ್ತಿಯಾದಳು. ಸೈನ್ಯ ಗದ್ದುಗೆ ಏರಿದ ಮೇಲೆ ಆ ಪತ್ರಿಕೆಯ ಪರವಾನಗಿ ಹೋಯಿತು, ಕಚೇರಿಯ ಬಾಗಿಲಿಗೆ ಸೀಲು ಬಿತ್ತು. ಸಂಪಾದಕ ಕೋ ಲ್ವಿನ್ ಗಡಿ ದಾಟಿ ಥಾಯ್ಲೆಂಡಿಗೆ ಓಡಿದ. ಅಲ್ಲಿಂದಲೇ ಇಂಟರ್‌ನೆಟ್ಟಿನಲ್ಲಿ ಸುದ್ದಿ ಹಾಕತೊಡಗಿದ. ಥಿರಿ ಊರಲ್ಲೇ ಉಳಿದು ಅವನಿಗೆ ಸುದ್ದಿ ಕಳಿಸಿದಳು.

ಹೊಳೆಯಾಚೆಯ ಒಂದು ಹಳ್ಳಿ ಪೂರ್ತಿ ಸುಟ್ಟುಹೋಯಿತು. ಒಲೆಯ ಕಿಡಿ ಹಾರಿ ಬೆಂಕಿ ಬಿತ್ತು ಎಂದು ಸರ್ಕಾರಿ ಪತ್ರಿಕೆ ಬರೆಯಿತು. ಒಲೆಯ ಕಿಡಿಯಂತೆ! ಥಿರಿ ದೋಣಿ ಹತ್ತಿ ಹೋಗಿ, ಬೂದಿಯಲ್ಲಿ ನಿಂತು, ಉಳಿದವರನ್ನು ಮಾತಾಡಿಸಿ ಬಂದಳು. ಸಿಪಾಯಿಗಳು ಪೆಟ್ರೋಲ್ ಡಬ್ಬ ಹಿಡಿದು ಮನೆಯಿಂದ ಮನೆಗೆ ಹೋಗುವ ಫೋಟೋ ಒಬ್ಬ ಮುದುಕನ ಫೋನಿನಲ್ಲಿತ್ತು. ಅದನ್ನೂ ತಂದಳು. ಮುದುಕನ ಹೆಸರೊಂದನ್ನು ಬಿಟ್ಟು ತನ್ನ ಹೆಸರು ಹಾಕಿಯೇ ಬರೆದಳು. ಅದು ಬಂದ ದಿನವೇ ಮನೆ ಬಿಟ್ಟು ತಲೆಮರೆಸಿಕೊಂಡಳು.

ಸೋ ಪೈಂಗ್ ಬಂದದ್ದು ಆಮೇಲೆ. ಮೊನ್ನೆ ಮೊನ್ನೆಯವರೆಗೆ ಹಂದಿ ಮಾಂಸ ಮಾರುತ್ತಿದ್ದವನು, ಈಗ ಸೈನ್ಯದವರು ನೇಮಿಸಿದ ವಾರ್ಡಿನ ಮುಖ್ಯಸ್ಥ. ರಸ್ತೆಯ ಮಗ್ಗುಲಿಗೆ ಸ್ಕೂಟರ್ ನಿಲ್ಲಿಸಿ, ಹಸಿ ಡಾಂಬರು ಚಪ್ಪಲಿಗೆ ಅಂಟದ ಹಾಗೆ ದೂರದಿಂದಲೇ ಕೂಗಿದ.

"ಓನ್ ಚೀ ಅಕ್ಕಾ, ಸ್ವಲ್ಪ ಈಕಡೆ ಬಾ. ಮನೆ ವಿಷ್ಯ."

ಅವಳು ಡಬ್ಬ ಇಳಿಸಿ ಹೋದಳು.

"ನಿನ್ ಮಗಳು ಮಾಡಿರೋ ಕೆಲ್ಸಕ್ಕೆ ಮೇಲಿನವರು ನಿನ್ ಮನೆಗೆ ಸೀಲು ಹಾಕು ಅಂತಾವ್ರೆ. ನಾನೇ ತಡೆದು ನಿಲ್ಸಿವ್ನಿ. ಪಾಪದೋಳು, ಬಿಸಿಲಲ್ಲಿ ಬೇಯೋಳು ಅಂದೆ. ಪೇಪರಲ್ಲಿ ಒಂದ್ ಪ್ರಕಟಣೆ ಹಾಕ್ಸಿಬಿಡು. ಅವಳು ನನ್ ಮಗಳಲ್ಲ ಅಂತ. ಆಮೇಲೆ ನಿನ್ ತಂಟೆಗೆ ಯಾರೂ ಬರಲ್ಲ."

"ಹಾಕ್ಸದಿದ್ರೆ?"

"ಹಾಕ್ಸದಿದ್ರೆ ರಸ್ತೆ ನೀನೇ ಹಾಕಿದೀಯಲ್ಲ ಅಕ್ಕಾ, ಅದ್ರ ಮೇಲೇ ಮಲಕ್ಕೋ."

ಅವನು ನಕ್ಕು ಸ್ಕೂಟರ್ ಹತ್ತಿದ. ಜೊತೆಯಲ್ಲಿ ಜಲ್ಲಿ ಹೊರುವ ಮ ಥೂ ಎಂಬವಳು ಬುಟ್ಟಿ ಕೆಳಗಿಟ್ಟು ಉಗಿದಳು. ಹೆಂಗಸಿನ ಲುಂಗಿಯ ಕೆಳಗೆ ನುಸುಳಿದರೆ ಗಂಡಸಿನ ತೇಜಸ್ಸು ಇಳಿದುಹೋಗುತ್ತದೆ ಎಂದು ನಮ್ಮ ಗಂಡಸರ ನಂಬಿಕೆ.

"ಇವನ್ ಮನೆ ಬಾಗಲಿಗೆ ನನ್ ಹಳೇ ಲುಂಗಿ ತೋರಣ ಕಟ್ತೀನಿ ತಾಳು," ಅಂದಳು. "ತೇಜಸ್ಸು ಅನ್ನೋದು ಇದ್ರೆ ತಾನೆ ಇಳಿಯೋಕೆ, ಅದೂ ಒಂದ್ ಮಾತು."

ಓನ್ ಚೀಗೆ ನಗು ಬರಲಿಲ್ಲ. ಆ ಮನೆಯ ಒಂದೊಂದು ಹಲಗೆಯೂ ಅವಳು ಹೊತ್ತ ಬುಟ್ಟಿಗಳಿಂದ ಬಂದದ್ದು. ಬೇರೆ ನೆರಳು ಅವಳಿಗಿರಲಿಲ್ಲ.

ಒಂದು ಸಂಜೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ಅವ್ವಾ, ಮಗಳು ಮಾತಾಡ್ತಿದಾಳೆ."

ನಮ್ಮಲ್ಲಿ ಮಕ್ಕಳು ಹೆತ್ತವರ ಹತ್ತಿರ ಮಾತಾಡುವಾಗ ನಾನು ಅನ್ನುವುದಿಲ್ಲ. ಮಗಳಿಗೆ ಹಸಿವು, ಮಗಳು ಬಂದಳು, ಮಗಳು ಹೊರಟಳು. ಅದೇ ರೂಢಿ.

"ಪ್ರಕಟಣೆ ವಿಷ್ಯ ಮಗಳ ಕಿವಿಗೂ ಬಿತ್ತು. ಹಾಕಿಸ್ಬಿಡವ್ವ. ಎಲ್ರೂ ಹಾಕಿಸ್ತಿದಾರೆ. ಮಗಳೇ ಹೇಳ್ತಿದಾಳಲ್ಲ, ಅವಳಿಗೆ ಬೇಜಾರಿಲ್ಲ."

"ನೀನು ನನ್ ಮಗಳಲ್ಲ ಅಂತ ನಾನೇ ಬರೆಸ್ಲೇನೇ?"

"ಸುಳ್ಳು ಅಂತ ಇಬ್ರಿಗೂ ಗೊತ್ತು. ಬರೀ ಕಾಗದ ಅವ್ವ."

"ಅಚ್ಚಾದ್ದು ಸುಳ್ಳಾಗ್ಬಾರ್ದು ಅಂತ ಕುಣೀತಿದ್ದೋಳು ನೀನೇಯ."

ಆ ಕಡೆ ಕೆಮ್ಮು. ಪಂಪು ಒತ್ತಿದ ಸದ್ದು. "ಆ ಪೇಪರಲ್ಲಿ ನಿಜ ಯಾವತ್ತು ಬಂದಿದೆ ಹೇಳು. ಅದ್ರಲ್ಲಿ ಇದೂ ಒಂದು. ಮಗಳಿಗೆ ನಿನ್ನ ಮನೆ ಉಳೀಬೇಕು, ಅಷ್ಟೇ."

ಓನ್ ಚೀ ಹಾಕಿಸಿದಳು. ಬರೆಯುವ ಕಷ್ಟವೂ ಇರಲಿಲ್ಲ. ಒಕ್ಕಣೆ ಸೋ ಪೈಂಗ್‌ನ ಹತ್ತಿರ ತಯಾರಿತ್ತು, ಹೆಸರು ತುಂಬಿ ಸಹಿ ಹಾಕಿದರಾಯಿತು. ಪತ್ರಿಕೆ ಬಂದ ದಿನ ಅವನು ಮನೆಗೇ ಬಂದು ಮನೆಪಟ್ಟಿ ಕೇಳಿ ತೆಗೆದುಕೊಂಡ. ಮನೆಯಲ್ಲಿ ಯಾರಿದ್ದಾರೆ ಎಂದು ಸರ್ಕಾರ ಕೊಟ್ಟ ಪಟ್ಟಿ. ಅದರಲ್ಲಿದ್ದ ಥಿರಿಯ ಹೆಸರಿನ ಮೇಲೆ ಕೆಂಪು ಗೆರೆ ಎಳೆದು ಸಹಿ ಹಾಕಿ ಹಿಂದಕ್ಕೆ ಕೊಟ್ಟ. "ಈಗ ಸರಿಹೋಯ್ತು ನೋಡು," ಎಂದ. ಓನ್ ಚೀ ಅಂದು ಅನ್ನ ಬೇಯಿಸಿದಳು, ಉಣ್ಣಲಿಲ್ಲ. ಮಾರನೆಯ ದಿನ ಡಾಂಬರು ಸುರಿಯುವಾಗ ಜೊತೆಯ ಹೆಂಗಸರು ಒಬ್ಬರೂ ಆ ಮಾತೆತ್ತಲಿಲ್ಲ. ಅವರಲ್ಲೂ ಕೆಲವರ ಮನೆಯ ಹೆಸರುಗಳು ಆ ಪುಟದಲ್ಲಿ ಬಂದಿದ್ದವು.

ಥಿರಿ ಸಿಕ್ಕಿಬಿದ್ದದ್ದು ಔಷಧಿ ಅಂಗಡಿಯಲ್ಲಿ. ಪಂಪು ಮುಗಿದಿತ್ತು. ಮುಖಕ್ಕೆ ಮಾಸ್ಕು ಹಾಕಿಕೊಂಡು ಕೊಳ್ಳಲು ಬಂದಳು. ಉಬ್ಬಸದ ಹುಡುಗಿ ಇಂದಲ್ಲ ನಾಳೆ ಔಷಧಿಗೆ ಬಂದೇ ಬರುತ್ತಾಳೆ ಎಂದು ಅವರಿಗೆ ಗೊತ್ತಿತ್ತು. ಇಲಿಗೆ ಬೋನು ಇಡುವ ಹಾಗೆ ಇಟ್ಟು ಕಾದರು, ಹಿಡಿದರು. ಸೇರಿಸಿದ ಆಪಾದನೆಯಲ್ಲಿ ಪತ್ರಿಕೆಯ ಮಾತೇ ಇಲ್ಲ. ಹಳ್ಳಿಗೆ ಬೆಂಕಿ ಹಚ್ಚಿಸಿದವರ ಗುಂಪಿನವಳು, ಭಯೋತ್ಪಾದಕಿ. ಸುಟ್ಟವರು ಹೊರಗೆ, ಸುಟ್ಟರು ಎಂದು ಬರೆದವಳು ಬೆಂಕಿ ಹಚ್ಚಿದವಳು. ನಮ್ಮ ದೇಶದ ಜೈಲುಗಳಲ್ಲಿ ಪತ್ರಕರ್ತರು ಒಬ್ಬರೂ ಇಲ್ಲ, ಅಪರಾಧಿಗಳು ಮಾತ್ರ ಇದ್ದಾರೆ ಎಂದು ಮೀಸೆಯ ಜನರಲ್ ಒಬ್ಬ ಟೀವಿಯಲ್ಲಿ ಹೇಳಿದ. ಮುಖದಲ್ಲಿ ಒಂದಿಷ್ಟೂ ನಾಚಿಕೆ ಇರಲಿಲ್ಲ.

ಜೈಲಿನಿಂದ ಬಿಡುಗಡೆಯಾದ ಒಬ್ಬ ಹೆಂಗಸು ರಸ್ತೆಯ ಕೆಲಸದಲ್ಲಿದ್ದ ಓನ್ ಚೀಯನ್ನು ಹುಡುಕಿಕೊಂಡು ಬಂದಳು.

"ನಿಮ್ ಮಗಳು ಹೆಂಗಸ್ರ ವಾರ್ಡಲ್ಲವ್ಳೆ. ಕಿಟಕಿ ಇಲ್ಲ ಅಲ್ಲಿ. ಮಲಗಿದ್ರೆ ಉಸ್ರು ಕಟ್ಟುತ್ತೆ ಅಂತ ಕೂತೇ ಇರ್ತಾಳೆ. ತುಟಿ ನೀಲಿ ಆಗುತ್ತೆ ಒಂದೊಂದ್ಸಲ. ಪಂಪು ಕಳಿಸಿ ಅಕ್ಕ. ಬೇಗ ಕಳಿಸಿ."

ಓನ್ ಚೀ ಅಂದಿನ ಕೆಲಸ ಅಲ್ಲಿಗೇ ಬಿಟ್ಟಳು. ಒಣಸೀಗಡಿಗೆ ಬೆಳ್ಳುಳ್ಳಿ ಮೆಣಸಿನಕಾಯಿ ಹಾಕಿ, ಬಹಳ ದಿನ ಕೆಡದ ಹಾಗೆ ಎಣ್ಣೆಯಲ್ಲಿ ಹುರಿದಳು. ಪಂಪು ಕೊಂಡಳು. ಸೋಪು, ಒಂದು ಲುಂಗಿ, ತಿಂಗಳಿಗೆ ಬೇಕಾಗುವ ಬಟ್ಟೆಯ ತುಂಡುಗಳು. ಬುಟ್ಟಿ ಹಿಡಿದು ಜೈಲಿನ ಮುಂದಿನ ಸಾಲಿನಲ್ಲಿ ನಿಂತಳು. ಎಲ್ಲರೂ ಹೆಂಗಸರು. ಎಲ್ಲರ ಬುಟ್ಟಿಯಲ್ಲೂ ಅದೇ ಹುರಿದ ಸೀಗಡಿಯ ವಾಸನೆ. ಕಿಟಕಿಯ ಹಿಂದೆ ಕೂತ ಗುಮಾಸ್ತ ಎಳೆಯವನು, ತಲೆಗೆ ಎಣ್ಣೆ ಹಾಕಿ ಬಾಚಿದ್ದ.

"ಕೈದಿ ಹೆಸರು?"

"ಥಿರಿ ನ್ವೇ."

"ಏನಾಗ್ಬೇಕು?"

"ಹೆತ್ತವ್ವ."

ಅವನು ಅವಳು ಕೊಟ್ಟ ಮನೆಪಟ್ಟಿ ಬಿಡಿಸಿ ನೋಡಿದ. ಕೆಂಪು ಗೆರೆಯ ಮೇಲೆ ಬೆರಳಾಡಿಸಿದ. ಹಿಂದಿನ ಕಪಾಟಿನಿಂದ ಒಂದು ಕಟ್ಟು ತೆಗೆದ. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಪ್ರಕಟಣೆಗಳು. ಒಂದೂ ಬಿಡದೆ ಜೋಡಿಸಿಟ್ಟಿದ್ದರು. ಹುಡುಕಿ ತೆಗೆದು ಕಿಟಕಿಯ ಸರಳಿಗೆ ಹಿಡಿದ.

"ಇದು ನಿಮ್ದೇನಾ?"

"ನಂದೇ. ಬಲವಂತಕ್ಕೆ ಹಾಕ್ಸಿದ್ದು ಸ್ವಾಮಿ."

"ಅದೆಲ್ಲ ನಂಗೊತ್ತಿಲ್ಲ. ಸಂಬಂಧ ಇಲ್ದೋರ ಸಾಮಾನು ತಗೊಳ್ಳೋ ಹಾಗಿಲ್ಲ. ಮುಂದಿನವರು ಬನ್ನಿ."

"ಅನ್ನ ಬ್ಯಾಡ ಬಿಡಿ. ಪಂಪು ಒಂದು ತಗೊಳ್ಳಿ. ಮಗ ಇದ್ದಂಗೆ ಇದೀಯ ನೀನು."

"ಮಕ್ಳನ್ನ ಬಿಟ್ಟು ಅಭ್ಯಾಸ ಇದ್ಯಲ್ಲ ನಿಂಗೆ, ನನ್ನನ್ಯಾಕೆ ಮಗ ಅಂತೀಯ?"

ಬಂದೂಕು ಹಿಡಿದ ಕಾವಲಿನವರು ಹಲ್ಲು ಕಿರಿದರು. ಓನ್ ಚೀಯನ್ನು ಹೆಗಲು ಹಿಡಿದು ಪಕ್ಕಕ್ಕೆ ತಳ್ಳಿದರು. ಸಾಲಿನಲ್ಲಿ ಹಿಂದೆ ನಿಂತಿದ್ದ ಮೀನು ಮಾರುವ ಹೆಂಗಸು ಹತ್ತಿರ ಬಂದು ಪಿಸುಗುಟ್ಟಿದಳು.

"ನಾನ್ ತಗೊಂಡ್ಹೋಗ್ತಿದ್ದೆ ಕಣವ್ವ. ಹಿಂಗೇ ಒಬ್ಳಿಗೆ ಸಹಾಯ ಮಾಡೋಕೋಗಿ ನನ್ ಮಗಂಗೆ ನಾಕ್ ತಿಂಗ್ಳು ಏನೂ ಕೊಡೋಕೆ ಬಿಟ್ಟಿಲ್ಲ ಇವ್ರು. ತಪ್ಪು ತಿಳ್ಕೋಬ್ಯಾಡ."

ತಪ್ಪು ಯಾಕೆ ತಿಳಿಯಬೇಕು? ಓನ್ ಚೀ ತನ್ನನ್ನೇ ಬೈದುಕೊಂಡಳು. ಮಕ್ಕಳನ್ನು ಬಿಟ್ಟೆ ಎಂದು ಬರೆಸಿಕೊಂಡದ್ದು ಮನೆ ಉಳಿಸುವುದಕ್ಕಲ್ಲ. ಮಕ್ಕಳು ಸಿಕ್ಕಿಬಿದ್ದ ದಿನ ಅವರಿಗೆ ಯಾರೂ ಇರಬಾರದು, ಅದಕ್ಕೆ. ಒಂದು ಗೆರೆ ಎಳೆದು ತಾಯಿಯನ್ನು ಪರಕೀಯಳು ಮಾಡಿದರು. ಪ್ರಕಟಣೆಗೆ ಸಹಿ ಹಾಕಿದ ಕೈ ಅವಳದೇ. ಬರೀ ಕಾಗದ ಎಂದು ಮಗಳು ಅಂದಿದ್ದಳು. ಓದಿದ ಹುಡುಗಿ, ಆ ಒಂದು ವಿಷಯದಲ್ಲಿ ಮೋಸ ಹೋದಳು.

ಪತ್ರಿಕೆಯ ಶಾಖಾ ಕಚೇರಿಗೆ ಓನ್ ಚೀ ಡಾಂಬರಿನ ಕಾಲಲ್ಲೇ ಹೋದಳು. ಬಿಳಿ ನೆಲದ ಮೇಲೆ ಕಪ್ಪು ಹೆಜ್ಜೆ ಬಿದ್ದವು. ಕೆನ್ನೆಗೆ ತನಖಾ ಗಂಧ ಹಚ್ಚಿಕೊಂಡ ಹುಡುಗಿಯೊಬ್ಬಳು ಜಾಹೀರಾತು ತೆಗೆದುಕೊಳ್ಳುವ ಮೇಜಿನಲ್ಲಿ ಕೂತಿದ್ದಳು.

"ಒಂದ್ ಪ್ರಕಟಣೆ ಹಾಕ್ಬೇಕು ಕಣಮ್ಮ. ಥಿರಿ ನ್ವೇ ನನ್ ಮಗಳು ಅಂತ."

"ಏನು ಪ್ರಕಟಣೆ ದೊಡ್ಡಮ್ಮ? ಮದುವೆನಾ?"

"ಮದ್ವೆ ಅಲ್ಲ. ಹಿಂದೆ ಮಗಳಲ್ಲ ಅಂತ ಹಾಕ್ಸಿದ್ದೆ. ಈಗ ಮಗಳು ಅಂತ ಹಾಕ್ಬೇಕು."

ಹುಡುಗಿ ದರಪಟ್ಟಿ ನೋಡಿದಳು. ನಿಜವಾಗಿಯೂ ನೋಡಿದಳು, ಪಾಪ.

"ಹುಟ್ಟಿದ್ದು ಹಾಕ್ಬೋದು. ಮದುವೆ, ಸತ್ತಿದ್ದು, ಬಿಟ್ಟಿದ್ದು, ಎಲ್ಲ ಹಾಕ್ಬೋದು. ಬಿಟ್ಟೋರ್ನ ವಾಪಸ್ ಕರ್ಕೊಳ್ಳೋದಕ್ಕೆ ಇಲ್ಲ ದೊಡ್ಡಮ್ಮ. ಇದುವರೆಗೂ ಯಾರೂ ಕೇಳಿಲ್ಲ."

"ಹಂಗಾದ್ರೆ ಹುಟ್ಟಿದ್ದು ಅಂತ ಹಾಕು."

"ಯಾವಾಗ ಹುಟ್ಟಿದ್ದು?"

"ಇಪ್ಪತ್ತಾರು ವರ್ಷ ಆಯ್ತು. ಅವ್ವ ತಡವಾಗಿ ಹಾಕಿಸ್ತಾವ್ಳೆ ಅಂತ ಬರ್ಕೋ. ಹೆಣ್ಮಗು. ಉಸ್ರಾಟ ಸರಿಯಿಲ್ಲ."

ಹುಡುಗಿಗೆ ನಗು ಬಂತು. ನಗು ಪೂರ್ತಿ ಬರುವ ಮುಂಚೆ ಕಣ್ಣು ತುಂಬಿತು. ಹಿಂದಿನ ಗಾಜಿನ ಕೋಣೆಯಲ್ಲಿದ್ದ ಮ್ಯಾನೇಜರನ ಕಡೆ ತಿರುಗಿ ನೋಡಿ ದನಿ ತಗ್ಗಿಸಿದಳು. "ಹೋಗಿಬಿಡಿ ದೊಡ್ಡಮ್ಮ. ಕೈ ಮುಗೀತೀನಿ. ಅವರು ಬಂದ್ರೆ ನಿಮ್ಮ ಹೆಸರು ಬರ್ಕೊಂಡು ಮೇಲಕ್ಕೆ ಕೊಡ್ತಾರೆ."

ಗಡಿಯಾಚೆಯಿಂದ ಕೋ ಲ್ವಿನ್ ಫೋನ್ ಮಾಡಿದ. ಅವನ ದನಿಯಲ್ಲಿ ಸಂತೋಷವೂ ಇತ್ತು, ಅಳುವೂ ಇತ್ತು. ದೂರದ ಯಾವುದೋ ದೇಶದಲ್ಲಿ ಪತ್ರಕರ್ತರ ರಕ್ಷಣೆಗೆಂದು ಸಭೆ ಸೇರಿದ್ದರಂತೆ. ಥಿರಿಗೆ ಧೈರ್ಯದ ಪ್ರಶಸ್ತಿ ಬಂದಿದೆಯಂತೆ.

"ವೇದಿಕೆ ಮೇಲೆ ಅವಳ ಹೆಸರಲ್ಲಿ ಖಾಲಿ ಕುರ್ಚಿ ಇಟ್ಟಿದ್ರು ದೊಡ್ಡಮ್ಮ. ಇಡೀ ಸಭೆ ಎದ್ದು ನಿಂತ್ಕೊಂಡ್ತು."

"ಅವ್ರೆಲ್ಲ ಎದ್ದು ನಿಂತ್ಕೊಂಡ್ರೆ ಇವಳಿಗೆ ಮಲಗೋಕಾಗುತ್ತೇನಪ್ಪ? ಕೂತೇ ಕೆಮ್ತಾವ್ಳೆ ಅಲ್ಲಿ."

ಆ ಕಡೆ ಅವನು ಮೂಗು ಒರೆಸಿಕೊಂಡ ಸದ್ದು.

"ಅಷ್ಟು ದೊಡ್ ದೊಡ್ಡೋರು ಸೇರಿದ್ರಲ್ಲ, ಒಂದ್ ಪಂಪು ಒಳಕ್ಕೆ ಕಳ್ಸೋಕೆ ಅವ್ರ ಕೈಲಿ ಆಗುತ್ತಾ ಕೇಳು."

"ಖಂಡಿಸಿ ಹೇಳಿಕೆ ಕೊಟ್ಟಿದಾರೆ. ಒತ್ತಡ ತರ್ತೀವಿ ಅಂದಿದಾರೆ..."

"ಆಯ್ತಪ್ಪ. ಅವ್ರಿಗೂ ಒಳ್ಳೇದಾಗ್ಲಿ," ಎಂದು ಓನ್ ಚೀ ಫೋನ್ ಇಟ್ಟಳು. ಕೋ ಲ್ವಿನ್ ಮೇಲೆ ಅವಳಿಗೆ ಸಿಟ್ಟಿರಲಿಲ್ಲ. ಅವನೂ ಹೆತ್ತವರಿಂದ ದೂರ, ಪರದೇಶದಲ್ಲಿ ಕದ್ದು ಬದುಕುವವನು. ಆದರೆ ಜಗತ್ತು ಚಪ್ಪಾಳೆ ತಟ್ಟುವ ಸದ್ದು ಆ ಕಿಟಕಿಯಿಲ್ಲದ ವಾರ್ಡಿನವರೆಗೆ ಮುಟ್ಟುವುದಿಲ್ಲ. ಮುಟ್ಟಬೇಕಾದರೆ ಯಾರಾದರೂ ನಡೆದುಕೊಂಡೇ ಹೋಗಬೇಕು.

ಜೈಲಿನವರು ಸಾಮಾನು ತೆಗೆದುಕೊಳ್ಳುವ ಮುಂದಿನ ದಿನ ಓನ್ ಚೀ ಮತ್ತೆ ಸಾಲಿನಲ್ಲಿ ನಿಂತಳು. ಮ ಥೂ ತಾನೂ ಬರುತ್ತೇನೆ ಅಂದಿದ್ದಳು, ಬೇಡ ಅಂದಿದ್ದಳು. ಮ ಥೂಗೆ ಶಾಲೆಗೆ ಹೋಗುವ ಮಕ್ಕಳಿದ್ದರು. ಸರದಿ ಬಂದಾಗ ಓನ್ ಚೀ ಬುಟ್ಟಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಎರಡೂ ಕೈಯಿಂದ ಸರಳು ಹಿಡಿದಳು.

"ಮತ್ತೆ ಬಂದ್ಯಾ? ಹೇಳಿದ್ನಲ್ಲ," ಎಂದ ಎಣ್ಣೆ ತಲೆಯ ಗುಮಾಸ್ತ.

"ತಗೊಳ್ಳೋವರ್ಗೂ ಬಿಡಲ್ಲ."

ಕಾವಲಿನವನು ಬೆರಳುಗಳ ಮೇಲೆ ಬಂದೂಕಿನ ಹಿಡಿಯಿಂದ ಹೊಡೆದ. ಆ ಬೆರಳುಗಳು ಕುದಿಯುವ ಡಬ್ಬ ಹಿಡಿದು ಹಿಡಿದು ಸತ್ತಿದ್ದವು. ಬಿಡಲಿಲ್ಲ. ಇನ್ನೊಮ್ಮೆ ಹೊಡೆದ. ಒಂದು ಉಗುರು ಎದ್ದು ರಕ್ತ ಬಂತು. ಓನ್ ಚೀ ಸಾಲಿನ ಕಡೆ ತಿರುಗಿ, ರಸ್ತೆಯಲ್ಲಿ ಲಾರಿ ಬಂತು ಎಂದು ಕೂಗುವ ದನಿಯಲ್ಲಿ ಕೂಗಿದಳು.

"ಕೇಳ್ರವ್ವಾ ಎಲ್ಲಾ! ಪೇಪರ್‌ನೋರು ಹಾಕಲ್ಲಂತೆ, ಅದಕ್ಕೆ ಬಾಯಲ್ಲಿ ಹೇಳ್ತೀನಿ. ನಾನು ಓನ್ ಚೀ. ಡಾಂಬರು ಹಾಕೋಳು. ಥಿರಿ ನ್ವೇ ನನ್ ಮಗಳು. ಅಲ್ಲ ಅಂತ ಬರೆಸಿದ್ದು ಸುಳ್ಳು. ಬರೆಸ್ಕೊಂಡೋರು ಸುಳ್ರು, ಬರೆಸಿದ ನಾನೂ ಸುಳ್ಳಿ!"

ಸಾಲಿನಲ್ಲಿದ್ದ ಹೆಂಗಸರು ತಲೆ ತಗ್ಗಿಸಿದರು. ಮೀನು ಮಾರುವವಳು ತಲೆವಸ್ತ್ರದ ತುದಿ ಕಚ್ಚಿಕೊಂಡು ಬೇರೆ ಕಡೆ ನೋಡಿದಳು. ಅವರನ್ನು ಬೈಯುವ ಹಕ್ಕು ಯಾರಿಗೂ ಇಲ್ಲ. ಒಬ್ಬೊಬ್ಬರ ಜೀವವೂ ಆ ಗೋಡೆಯ ಒಳಗಿತ್ತು.

ಗಲಾಟೆ ಕೇಳಿ ಒಳಗಿನಿಂದ ಅಧಿಕಾರಿ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಯಲ್ಲಿ ವೀಳ್ಯ. ಕಾವಲಿನವನಿಗೆ ಕೈ ತೋರಿಸಿ ಹೊಡೆಯುವುದನ್ನು ನಿಲ್ಲಿಸಿದ.

"ಏನಮ್ಮ, ಅವಳು ನಿನ್ ಮಗಳಾ?"

"ಹೂಂ."

"ಸರಿಯಾಗಿ ಯೋಚ್ನೆ ಮಾಡಿ ಹೇಳು. ಮಗಳು ಅಂದ್ರೆ ತಲೆಮರೆಸ್ಕೊಂಡಿದ್ದಾಗ ಅವಳ ಜೊತೆ ಮಾತಾಡಿದೀಯ ಅಂತಾಯ್ತು. ಅನ್ನ ಹಾಕಿದೀಯ ಅಂತಾಯ್ತು. ಭಯೋತ್ಪಾದಕರ ಕೆಲಸಕ್ಕೆ ಕೈ ಜೋಡ್ಸಿದೀಯ. ಮನೆ ಹೋಗುತ್ತೆ. ನೀನೂ ಒಳಗೆ ಹೋಗ್ತೀಯ."

"ಮಾತಾಡಿದೀನಿ. ಅನ್ನ ಹಾಕಿದೀನಿ. ಅದಕ್ ಮುಂಚೆ ಹಾಲೂ ಕುಡ್ಸಿದೀನಿ. ಎಲ್ಲಾ ಬರ್ಕೋ."

"ಸಹಿ ಹಾಕ್ತೀಯಾ?"

"ಪಂಪು ಒಳಕ್ಕೆ ಹೋಗ್ಲಿ. ನನ್ ಕಣ್ಮುಂದೆ ಹೋಗ್ಲಿ. ಆಮೇಲೆ ಎಲ್ಲಿ ಬೇಕಾದ್ರೂ ಹಾಕ್ತೀನಿ."

ಅಧಿಕಾರಿಗೆ ಮೋಜೆನ್ನಿಸಿತು. ಒಂದು ಪಂಪಿಗೆ ಒಂದು ಕೈದಿ, ವ್ಯಾಪಾರ ನಷ್ಟದ್ದಲ್ಲ. ಬುಟ್ಟಿಯನ್ನು ಒಳಗೆ ಕೊಡಿ ಎಂದು ತಲೆ ಆಡಿಸಿದ. ವಾರ್ಡು ಕಾಯುವ ಹೆಂಗಸೊಬ್ಬಳು ಬಂದು ಸೀಗಡಿಯ ಡಬ್ಬಕ್ಕೆ ಕಡ್ಡಿ ತೂರಿಸಿ ಕೆದಕಿ ನೋಡಿ, ಲುಂಗಿ ಒದರಿ, ಬುಟ್ಟಿ ಎತ್ತಿಕೊಂಡು ಹೋದಳು. ಓನ್ ಚೀ ಆಗ ಸರಳು ಬಿಟ್ಟಳು. ಅವಳ ಮನೆಯ ಬಾಗಿಲಿಗೆ ಅದೇ ಮಧ್ಯಾಹ್ನ ಸೀಲು ಬಿತ್ತು. ಸೋ ಪೈಂಗ್ ತಾನೇ ನಿಂತು ಹಾಕಿಸಿದ. ಅವಳು ಅದನ್ನು ನೋಡಲಿಲ್ಲ. ಅಷ್ಟರಲ್ಲಿ ಅವಳು ಜೈಲಿನ ಒಳಗೆ, ಕೈದಿಗಳನ್ನು ಬರೆದುಕೊಳ್ಳುವ ಕೋಣೆಯಲ್ಲಿದ್ದಳು.

ಅಲ್ಲಿ ಕೂತಿದ್ದವನು ವಯಸ್ಸಾದ ಗುಮಾಸ್ತ, ದಪ್ಪ ಕನ್ನಡಕ. ಹೆಸರು, ಅಪ್ಪನ ಹೆಸರು, ಊರು, ಮೈಮೇಲಿನ ಗುರುತು ಕೇಳಿ ಬರೆದ. ಮುಂಗೈಯ ಬಿಳಿ ಕಲೆಗಳನ್ನು ನೋಡಿ ಅದನ್ನೂ ಬರೆದ. ಕೋಣೆಯಲ್ಲಿದ್ದ ವಾರ್ಡಿನ ಹೆಂಗಸು ಬಾಗಿಲಾಚೆ ಹೋಗುವುದನ್ನೇ ಕಾದು ಮುಂದಕ್ಕೆ ಬಾಗಿದ.

"ಪಂಪು ಮುಟ್ತು ತಾಯಿ. ಬಾಗಿಲ ಹತ್ರ ನಾನೇ ನಿಂತಿದ್ದೆ. ಮೂರ್ನಾಲ್ಕು ಸಲ ಎಳ್ಕೊಂಡ್ಲು. ತುಟಿ ಬಣ್ಣ ಬಂತು."

ಓನ್ ಚೀ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಷ್ಟು ಹೊತ್ತೂ ಬಾರದ ಅಳು ಆಗ ಬಂತು.

"ಬಂದ ಕೆಲ್ಸ ಆಯ್ತಲ್ಲ. ಈಗ ನನ್ ಮಾತು ಕೇಳಿ," ಎಂದ ಅವನು. "ಮುಂದಿನ ಪ್ರಶ್ನೆ ಮಕ್ಕಳು ಎಷ್ಟು ಅಂತ. ಇಲ್ಲ ಅನ್ನಿ. ನೀವಿನ್ನೂ ಸಹಿ ಹಾಕಿಲ್ಲ, ಪೇಪರಿನ ಪ್ರಕಟಣೆ ಇನ್ನೂ ನಿಮ್ಮ ಪರವಾಗಿದೆ. ಸಿಟ್ಟಲ್ಲಿ ಕಿಟಕಿ ಹತ್ರ ಏನೋ ಕೂಗಿದ್ಲು ಅಂತ ಆಗುತ್ತೆ. ಒಂದೆರಡು ತಿಂಗಳಲ್ಲಿ ಹೊರಗೆ ಹೋಗ್ತೀರಿ. ಬರೀ ಕಾಗದ ತಾಯಿ."

ಒಳ್ಳೆಯ ಮನುಷ್ಯ. ಒಳ್ಳೆಯವನಾಗಿದ್ದೇ ಆ ಕುರ್ಚಿಯಲ್ಲಿ ಮುದುಕನಾದವನು.

"ಒಬ್ಳು," ಎಂದಳು ಓನ್ ಚೀ.

"ತಾಯಿ..."

"ಒಂದ್ಸಲ ಇಲ್ಲ ಅಂದು ಏನಾಯ್ತು ಅಂತ ನೋಡಿದ್ನಲ್ಲ. ಇನ್ನೊಂದ್ಸಲ ಅನ್ನಲಾರೆ. ಒಬ್ಳು. ಥಿರಿ ನ್ವೇ. ಬರೀರಿ."

ಅವನು ನಿಟ್ಟುಸಿರು ಬಿಟ್ಟು ಬರೆದ. ಓನ್ ಚೀ ಮೇಜಿನ ಮೇಲೆ ಬಾಗಿ, ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದಿದಳು. ಸರಿಯಾಗಿತ್ತು.

"ಮಗಳ ಕೆಲಸ?" ಎಂದು ಕೇಳಿದವನು ತಾನೇ ಪೆನ್ನು ಹಿಡಿದು ಬರೆಯಹೊರಟ. "ಕೆಲಸ ಇಲ್ಲ ಅಂತ ಹಾಕ್ತೀನಿ."

"ಕೆಲ್ಸ ಐತೆ. ಪೇಪರಿನೋಳು. ಸುದ್ದಿ ಬರೆಯೋಳು."

ಅವನ ಕೈ ನಿಂತಿತು. "ಅದನ್ನ ಬರೆಯೋಕಾಗಲ್ಲ. ಅಂಥವರು ಇಲ್ಲಿ ಯಾರೂ ಇಲ್ಲ ಅಂತ ಮೇಲಿನಿಂದ ಹೇಳಿದಾರೆ. ನನ್ನ ಕೆಲಸ ಹೋಗುತ್ತೆ."

"ಹಂಗಾದ್ರೆ ನಾನು ಏಳಲ್ಲ."

ಓನ್ ಚೀ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಗುಮಾಸ್ತ ಆ ಜಾಗ ಖಾಲಿ ಬಿಟ್ಟು ಪುಸ್ತಕ ಮುಚ್ಚಿದ. ವಾರ್ಡಿನ ಹೆಂಗಸು ಒಳಗೆ ಬಂದು ಏಳೇ ಅಂದಳು. ಏಳಲಿಲ್ಲ. ಕೂದಲು ಹಿಡಿದು ಎಳೆದಳು. ಇನ್ನೊಬ್ಬಳು ಬಂದು ಕಾಲು ಹಿಡಿದಳು. ಕಲ್ಲು ಹೊತ್ತ ಮೈ, ಸುಲಭಕ್ಕೆ ಏಳುವುದಲ್ಲ. ನೆಲದ ಮೇಲೆ ಎಳೆದುಕೊಂಡೇ ಹೆಂಗಸರ ವಾರ್ಡುಗಳ ನಡುವಿನ ಓಣಿಗೆ ತಂದರು. ಎರಡೂ ಕಡೆ ಬೀಗ ಹಾಕಿದ ಬಾಗಿಲುಗಳು. ಯಾವುದರ ಹಿಂದೆ ಮಗಳಿದ್ದಾಳೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅದಕ್ಕೇ ಎಲ್ಲ ಬಾಗಿಲಿಗೂ ಕೇಳುವ ಹಾಗೆ ಕೂಗಿದಳು.

"ಥಿರಿ ನ್ವೇಯ ಅವ್ವ ನಾನು! ನನ್ ಮಗಳು ಪೇಪರಿನೋಳು! ಹಳ್ಳಿ ಸುಟ್ಟೋರು ಸಿಪಾಯಿಗಳು ಅಂತ ಬರೆದೋಳು!"

ಬಾಯಿಯ ಮೇಲೆ ಹೊಡೆದರು. ಬಾಗಿಲುಗಳ ಹಿಂದಿನ ಮಾತು, ಪಾತ್ರೆಯ ಸದ್ದು ಎಲ್ಲ ನಿಂತುಹೋಯಿತು. ರಕ್ತ ಉಗಿದು ಅವಳು ಮತ್ತೆ ಮೊದಲಿನಿಂದ ಹೇಳತೊಡಗಿದಳು.